ಕೆಂಪು ಕಣ್ಣು ತೆಗೆಯುವ ಗುಂಡಿ

ಕಾಸಾರಶಿರಸಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಒಂದು ಮೊಳೆ ಇದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಪ್ರತಿವರ್ಷ ಮನೆಮಂದಿಯೆಲ್ಲ ಕೂಡಿ ತೆಗೆಸಿಕೊಂಡ ಫೋಟೋ ಆ ಮೊಳೆಗೆ ಏರುತ್ತದೆ. ಹಿಂದಿನ ವರ್ಷದ್ದು ಇಳಿದು ಪಕ್ಕದ ಗೋಡೆ ಸೇರುತ್ತದೆ. ಯಾರು ಮಾಡಿಸಿ ತಂದದ್ದು ಏರಬೇಕು ಅಂತ ಹೇಳುವವರು ನಮ್ಮ ಅತ್ತಿ ಒಬ್ಬರೇ. ಅವರು ಹೇಳಿದ ಮೇಲೆ ಮಾತಿಲ್ಲ.

ಬಹಳ ವರ್ಷ ಅಲ್ಲಿ ಉಮರ್ಗಾದಿಂದ ಬಂದ ಫೋಟೋನೇ ಏರಿತು. ಅಂದರೆ ನನ್ನ ನೆಗೆಣ್ಣಿ, ಸಣ್ಣ ಮೈದುನನ ಹೆಂಡತಿ, ಮಾಡಿಸಿ ತಂದದ್ದು. ನಾನು ದೊಡ್ಡ ಸೊಸೆ, ನಿಲಂಗಾದಲ್ಲಿ ಇರುವಾಕಿ. ಅತ್ತಿಗೆ ಜ್ವರ ಬಂದರೆ ಬಸ್ಸು ಹತ್ತಿ ಓಡುವಾಕಿ ನಾನು. ಅವರಿಗೆ ಕನ್ನಡಕ ಮಾಡಿಸಿದಾಕಿ ನಾನು. ಅವರ ಎಲೆಗೆ ಎಷ್ಟು ಸುಣ್ಣ ಬೇಕು ಅನ್ನುವುದು ನನ್ನ ಬೆರಳಿಗೆ ಗೊತ್ತು. ಆದರೆ ಗೋಡೆ ಮಾತ್ರ ನೆಗೆಣ್ಣಿಯದಾಗಿತ್ತು. ಅಲ್ಲಿ ನನ್ನ ಕೈಯ ಫೋಟೋ ಒಂದು ಸಲವಾದರೂ ಏರಬೇಕು ಅನ್ನುವ ಆಸೆ ಆಗ ನನಗೆ ಊಟ ಮಾಡುವಾಗಲೂ ಇರುತ್ತಿತ್ತು.

ಈ ಫೋಟೋದ ಪದ್ಧತಿ ಶುರುವಾದದ್ದು ಭೂಕಂಪ ಆದ ಮೇಲೆ. ಹಳೆಯ ಮನೆಯ ಕಲ್ಲುಗೋಡೆ ಒಳಕ್ಕೆ ಬಿತ್ತು. ಮಂದಿ ಉಳಿದರು. ಫೋಟೋ ಇಟ್ಟಿದ್ದ ಟ್ರಂಕು ಚಪ್ಪಟೆಯಾಗಿ, ಮೇಲೆ ಮಳೆಯೂ ಬಿದ್ದು, ತೆಗೆದಾಗ ಅದರಲ್ಲಿ ಇದ್ದದ್ದೆಲ್ಲ ಒಂದೇ ಮುದ್ದೆ. ಮಾವನವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅವರದು ಅಂತ ಇದ್ದ ಒಂದೇ ಫೋಟೋದಲ್ಲಿ ಹೆಗಲಿನ ಕಂಬಳಿ ಉಳಿದಿತ್ತು, ಮುಖ ಇರಲಿಲ್ಲ. ಅತ್ತಿ ಆ ತುಂಡಿನ ಮಣ್ಣು ತೊಳೆಯಲು ಹೋದರು, ಕಂಬಳಿಯೂ ಹೋಯಿತು. ತಗಡು ಹಾಕಿ ಮನೆ ಮತ್ತೆ ಎದ್ದಮೇಲೆ ಅವರು ಹೇಳಿದ್ದು ಇಷ್ಟು: "ವರ್ಷಕ್ಕೊಮ್ಮಿ ಬೀರಪ್ಪನ ಗುಡಿ ಮುಂದ ಎಲ್ಲಾರೂ ಕುಂದರಬೇಕು. ಭಂಡಾರ ಹಚ್ಕೊಂಡು ಕುಂದರಬೇಕು. ಯಾರೂ ಮುಖಾ ಒರಸ್ಕೋಬಾರದು."

ನಮ್ಮದು ಕುರಿ ಸಾಕುವ ಮನೆತನ, ಬೀರಪ್ಪ ನಮ್ಮ ದೇವರು. ಭಂಡಾರ ಅಂದರೆ ಅರಿಶಿನಪುಡಿ. ದೀಪಾವಳಿ ಮುಗಿದ ಮೇಲೆ ಒಂದು ದಿನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಗುಡಿಯ ಮುಂದೆ ಸೇರುತ್ತೇವೆ. ಡೊಳ್ಳು ಬಾರಿಸುತ್ತಾರೆ, ಭಂಡಾರ ಹಾರಿಸುತ್ತಾರೆ. ಹಣೆಗೆ, ಕೆನ್ನೆಗೆ, ಸೀರೆಗೆ, ಕುರಿಗಳ ಬೆನ್ನಿಗೆ ಎಲ್ಲ ಹಳದಿ. ಅದನ್ನು ಕೈಯಿಂದ ಒರೆಸುವ ಹಾಗಿಲ್ಲ. ತಾನೇ ಉದುರಬೇಕು.

ನೆಗೆಣ್ಣಿಯ ಗಂಡನಿಗೆ ಉಮರ್ಗಾದಲ್ಲಿ ಹೆದ್ದಾರಿಯ ಮೇಲೆ ಕಂಬಳಿ, ಗಾದಿ, ಚಾದರದ ಅಂಗಡಿ. ಪಕ್ಕದಲ್ಲೇ ಸ್ಟುಡಿಯೋ. ಹೀಗಾಗಿ ಫೋಟೋದ ಕೆಲಸ ಸಹಜವಾಗಿ ಆಕೆಯ ಪಾಲಿಗೆ ಹೋಗಿತ್ತು. ಆಕೆಗೆ ಎಲ್ಲವೂ ಸಹಜವಾಗಿಯೇ ಹೋಗುತ್ತಿತ್ತು. ಉದಗೀರಿನ ಕಡೆಯ ಹುಡುಗಿ, ಕಣ್ಣು ದೊಡ್ಡವು, ಮಾತು ಚುರುಕು. ನಾನು ಹೊಸ ಸೀರೆ ಉಟ್ಟರೆ ಸೀರೆ ಚೆಂದ ಅನ್ನುವ ಮಂದಿ, ಆಕೆ ಹಳೆಯದು ಉಟ್ಟರೂ ಆಕೆಯನ್ನೇ ಚೆಂದ ಅನ್ನುತ್ತಿದ್ದರು. ನಾನು ಬೆಳಿಗ್ಗೆಯಿಂದ ಹೊಗೆಯಲ್ಲಿ ಕೂತು ಹೋಳಿಗೆ ಮಾಡಿದ ದಿನ, ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ಆಕೆ ಅತ್ತಿಯ ಕಾಲ ಬಳಿ ಕೂತು ಹೆದ್ದಾರಿಯ ಸುದ್ದಿ ಹೇಳುತ್ತಿದ್ದಳು. ಅತ್ತಿ ನಗುತ್ತ ನನ್ನ ಹೋಳಿಗೆ ತಿನ್ನುತ್ತಿದ್ದರು. ಹೊಟ್ಟೆಕಿಚ್ಚು ಅನ್ನುವುದಾದರೆ ಅನ್ನಿ. ನಾನೂ ಹಾಗೇ ಅನ್ನುತ್ತೇನೆ.

ನಮ್ಮ ಮನೆಯವರು ಕೋರ್ಟಿನಲ್ಲಿ ಗುಮಾಸ್ತರು. ಮನೆಯಲ್ಲೂ ಟೈಪಿಂಗ್ ಕೆಲಸ ಮಾಡಬಹುದು ಅಂತ ಲಾತೂರಿನಿಂದ ಒಂದು ಹಳೆಯ ಕಂಪ್ಯೂಟರು, ಪ್ರಿಂಟರು ತಂದರು. ಮುಂದಿನ ವರ್ಷ ಸಣ್ಣದೊಂದು ಡಿಜಿಟಲ್ ಕ್ಯಾಮೆರಾ ಬಂತು. ಇನ್ನು ಮೇಲೆ ಗುಡಿಯ ಮುಂದೆ ಫೋಟೋ ತೆಗೆಯುವವರು ಅವರೇ ಅಂತ ಆಯಿತು. ತೆಗೆದದ್ದನ್ನು ಸಿ.ಡಿ.ಗೆ ಹಾಕಿ ನೆಗೆಣ್ಣಿಗೂ ಕೊಡುವುದು. ಆಕೆ ತನ್ನ ಸ್ಟುಡಿಯೋದಲ್ಲಿ ಮಾಡಿಸಲಿ, ನಾನು ಮನೆಯಲ್ಲಿ ಮಾಡುತ್ತೇನೆ ಅಂತ ನಾನೇ ಹೇಳಿದೆ. ಫೋಟೋ ಒಂದೇ, ಮಾಡುವ ಕೈ ಬೇರೆ.

ಫೋಟೋ ತಿದ್ದುವ ಸಿ.ಡಿ.ಯನ್ನು ಉದಗೀರಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕೊಂಡೆವು. ಹೊದಿಕೆಯ ಮೇಲೆ ಒಬ್ಬ ಬಿಳಿ ಹೆಂಗಸು, ಅರ್ಧ ಮುಖ ಮಸುಕು, ಅರ್ಧ ಮುಖ ಹೊಳಪು. ಸ್ಟುಡಿಯೋದವರು ಇಟ್ಟುಕೊಳ್ಳುವ ದುಬಾರಿಯದಲ್ಲ, ಮನೆಮಂದಿಗೆ ಅಂತ ಮಾಡಿದ ಅಗ್ಗದ್ದು. ಅಂಗಡಿಯವನು ಅದನ್ನು ಚೀಲಕ್ಕೆ ಹಾಕುತ್ತ, "ಏಕ್ ಬಟನ್ ದಬಾವೋ ಭಾಭೀ, ಬಸ್," ಅಂದ.

ಒಂದು ಗುಂಡಿ ಒತ್ತಿದರೆ ಸಾಕು ಅಂದವನು, ಒತ್ತಿದ್ದನ್ನು ತಿರುಗಿಸುವುದು ಹೇಗೆ ಅಂತ ಹೇಳಲಿಲ್ಲ. ಅದರಲ್ಲಿ ಒಂದೇ ಹೆಜ್ಜೆ ಹಿಂದಕ್ಕೆ ಬರಬಹುದು. ಅದಕ್ಕೂ ಹಿಂದಿನದು ಹೋಯಿತು ಅಂದರೆ ಹೋಯಿತು. ಒಂದು ಹೊಲಿಗೆ ಬಿಚ್ಚಬಹುದು, ಎರಡನೆಯದಕ್ಕೆ ಕೈ ಹಾಕಿದರೆ ಇಡೀ ಕುಪ್ಪಸ ಎಸೆಯಬೇಕು ಅನ್ನುವ ಲೆಕ್ಕ. ಉಳಿಸಿದ ಪ್ರತಿ ಸಲ ಮುಖದ ಅಂಚಿನಲ್ಲಿ ರವೆ ಉದುರಿದ ಹಾಗೆ ಚುಕ್ಕಿ ಏಳುತ್ತಿದ್ದವು. ಚೌಕಟ್ಟು ಹಾಕೋಣ ಅಂದರೆ ಬಲೂನು, ಹೃದಯ, ಹಿಮ ಬಿದ್ದ ಗಿಡ. ನಮ್ಮ ಕುರಿಗಳ ಸುತ್ತ ಹಿಮ ಏನು ಚೆಂದ. ಎಲ್ಲ ಸರಿಬಂದು ಇನ್ನೇನು ಉಳಿಸಬೇಕು ಅನ್ನುವಾಗ, ಹಣ ಕಟ್ಟಿ ದೊಡ್ಡದನ್ನು ಕೊಳ್ಳಿ ಅಂತ ಒಂದು ಪೆಟ್ಟಿಗೆ ತೆರೆದು ಅಡ್ಡ ನಿಲ್ಲುತ್ತಿತ್ತು. ಅದನ್ನು ಮುಚ್ಚುವಷ್ಟರಲ್ಲಿ ಲೋಡ್ ಶೆಡ್ಡಿಂಗ್. ಕರೆಂಟು ಹೋದ ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಎದ್ದು ಹೋಗಿ ಅನ್ನಕ್ಕೆ ಇಡುತ್ತಿದ್ದೆ.

ಮೊದಲನೆಯ ವರ್ಷ ನಾನು ಅಂಗಡಿಯವನ ಮಾತು ನಂಬಿ, ಎಲ್ಲವನ್ನೂ ತಾನೇ ಸರಿಪಡಿಸುವ ಆ ದೊಡ್ಡ ಗುಂಡಿಯನ್ನೇ ಒತ್ತಿದೆ. ಮಂತ್ರದ ಕೋಲಿನ ಚಿತ್ರ ಇತ್ತು ಅದರ ಮೇಲೆ. ಆ ಯಂತ್ರಕ್ಕೆ ಭಂಡಾರ ಏನು ಗೊತ್ತು? ಇಷ್ಟು ಹಳದಿ ಇದೆ ಅಂದರೆ ಬಲ್ಬಿನ ಬೆಳಕಿನ ದೋಷ ಅಂತ ತಿಳಿದು, ಎಲ್ಲರ ಮುಖದಿಂದ ಹಳದಿಯನ್ನು ಹೀರಿಕೊಂಡಿತು. ನಮ್ಮ ಹಳೆಯ ಪರದೆಗೇ ಅರಿಶಿನದ ಛಾಯೆ ತಿರುಗಿತ್ತು, ಹೀಗಾಗಿ ನನಗೆ ಅಷ್ಟು ತಿಳಿಯಲಿಲ್ಲ. ಕಾಗದದ ಮೇಲೆ ಬಂದಾಗ ಎಲ್ಲರೂ ಬೆಳ್ಳಗಾಗಿದ್ದರು. ಪೇಟೆಯ ಫೋಟೋ ಹೀಗೇ ಇರುತ್ತದೆ ಅಂದುಕೊಂಡೆ. ಕಟ್ಟು ಹಾಕಿಸಿ, ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ.

ಅತ್ತಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇವ್ರ್ಯಾರು?"

"ನಾವೇ ರೀ ಅತ್ತಿ."

"ನಾವಾ? ಭಂಡಾರ ಎಲ್ಲ್ಯದ?"

ನೆಗೆಣ್ಣಿ ಹಿಂದಿನಿಂದ ಬಗ್ಗಿ ನೋಡಿ, "ಅಕ್ಕಾರ, ಎಲ್ಲಾರ್ನೂ ಹಿಟ್ಟಿನ ಗಿರಣ್ಯಾಗ ಕೆಲಸಕ್ಕ ಹಚ್ಚೀರೇನ್ರೀ?" ಅಂದಳು.

ಆಕೆಯ ಗಂಡ ಬಿಡುತ್ತಾನೆಯೆ? "ಏ, ಹಂಗಲ್ಲ. ವೈನಿ ನಮಗೆಲ್ಲಾ ವಿಭೂತಿ ಹಚ್ಚ್ಯಾರ. ನಡೀರಿ, ಮಠಕ್ಕ ಹೋಗಿ ಕುಂದ್ರೋಣು."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಇನ್ನೂ ನಗುತ್ತಿದ್ದರು. ಆಕೆಯ ಸ್ಟುಡಿಯೋದ ಫೋಟೋ ಚೆಂಡುಹೂವಿನ ಹಾಗೆ ಹಳದಿಯಾಗಿ ಗೋಡೆ ಏರಿತು. ಅತ್ತಿ ಅದರ ಗಾಜಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಗುರುತು ಹಿಡಿಯುತ್ತ ಹೋದರು. ಬೆರಳು ನೆಗೆಣ್ಣಿಯ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ನನ್ನ ಕಣ್ಣಿಗೆ ಬಿತ್ತು.

ಆಮೇಲೆ ವರ್ಷಪೂರ್ತಿ ನಾನು ಆ ಯಂತ್ರದ ಜೊತೆ ಗುದ್ದಾಡಿದೆ. ಅಡುಗೆ ಮುಗಿಸಿ, ಮಧ್ಯಾಹ್ನ ಕರೆಂಟು ಇದ್ದಾಗ ಕೂರುವುದು. ಹೋದ ಹಳದಿಯನ್ನು ಕುಂಚದಿಂದ ಹಚ್ಚಿ ನೋಡಿದೆ. ಹಣೆಯ ಮೇಲೆ ಕಾಗದದ ಚೀಟಿ ಅಂಟಿಸಿದ ಹಾಗೆ ಬಂತು. ಬಕೀಟಿನ ಚಿತ್ರದ ಗುಂಡಿಯಿಂದ ಬಣ್ಣ ಸುರಿದೆ. ಹಣೆಗೆ ಸುರಿದದ್ದು ಹಲ್ಲು, ಕಣ್ಣುಗುಡ್ಡೆ, ಹಿಂದಿನ ಗೋಡೆ ಎಲ್ಲಕ್ಕೂ ಹರಿಯಿತು. ನಮ್ಮ ಮನೆಯವರು ಚಹಾದ ಕಪ್ಪು ಹಿಡಿದು ಹಿಂದೆ ನಿಂತು, "ಪಾಪ, ಎಲ್ಲಾರಿಗೂ ಹಳದಿ ಕಾಮಣಿ ಆಗ್ಯದ. ಔಷಧ ಕುಡಸು," ಅಂದರು.

"ನಿಮ್ಮ ಕ್ಯಾಮೆರಾದ ತಪ್ಪು ಅದು," ಅಂದೆ.

"ಯಾಕ ಇಷ್ಟ್ ಹಟಾ ನಿನಗ? ಆಕಿ ಮಾಡಿಸ್ತಾಳ, ಬಿಡು."

ಆಕೆ ಮಾಡಿಸುತ್ತಾಳೆ ಅನ್ನುವುದೇ ಕಾರಣ ಅಂತ ಗಂಡನಿಗೆ ಹೇಗೆ ಹೇಳುವುದು?

ಕಡೆಗೆ ಒಂದು ತಿಳಿಯಿತು. ಆ ಯಂತ್ರದಿಂದ ಎಷ್ಟು ಕಡಿಮೆ ಕೆಲಸ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ದೊಡ್ಡ ಗುಂಡಿ ಮುಟ್ಟಬಾರದು, ಬಣ್ಣಕ್ಕೆ ಹೋಗಬಾರದು. ಸ್ವಲ್ಪ ಬೆಳಕು, ಸ್ವಲ್ಪ ಅಂಚು ಕತ್ತರಿಸುವುದು, ಮುಗಿಯಿತು. ಒಂದೇ ಸಲ ಉಳಿಸಬೇಕು.

ಮುಂದಿನ ವರ್ಷ ಕುರಿಗಳು ಬರುವುದು ತಡವಾಗಿ, ಫೋಟೋ ತೆಗೆಯುವಾಗ ಹೊತ್ತು ಮುಳುಗುತ್ತಿತ್ತು. ನಮ್ಮ ಮನೆಯವರು ಫ್ಲ್ಯಾಶ್ ಹಾಕಿದರು. ನಿಲಂಗಾಕ್ಕೆ ಬಂದು ತೆರೆದು ನೋಡಿದರೆ, ಎಲ್ಲರೂ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದಾರೆ, ನೆಗೆಣ್ಣಿ ಒಬ್ಬಳೇ ಕಣ್ಣು ಅಗಲ ತೆರೆದಿದ್ದಾಳೆ, ಅವು ಕೆಂಡದ ಹಾಗೆ ಕೆಂಪಾಗಿವೆ. ಫ್ಲ್ಯಾಶಿಗೂ ಆಕೆಯ ಕಣ್ಣೇ ಬೇಕಾಯಿತು.

ಹಾಗೇ ಬಿಟ್ಟರೆ ಫೋಟೋ ಗೋಡೆ ಏರುವುದಿಲ್ಲ. ಅದಕ್ಕಾಗಿ ಆ ಸಿ.ಡಿ.ಯಲ್ಲಿ ಒಂದು ಗುಂಡಿ ಇತ್ತು, ಕೆಂಪು ಕಣ್ಣು ತೆಗೆಯುವುದು. ಕಣ್ಣುಗಳ ಸುತ್ತ ಚೌಕ ಎಳೆಯಬೇಕು, ಒತ್ತಬೇಕು. ಚೌಕದೊಳಗಿನ ಕೆಂಪು ಕಪ್ಪಾಗುತ್ತದೆ. ಗುಂಪಿನಲ್ಲಿ ಆಕೆಯ ಮುಖ ಹುಣಸೆಬೀಜದಷ್ಟು. ಎಷ್ಟು ಹಿಗ್ಗಿಸಿದರೂ ಒಂದು ಮಿತಿ ಆದಮೇಲೆ ಆ ಅಗ್ಗದ ಸಾಮಾನು ಹಿಗ್ಗುವುದಿಲ್ಲ. ಮೌಸಿನ ಹೊಟ್ಟೆಯ ಗುಂಡು ಧೂಳು ಹಿಡಿದು ಜಗ್ಗಿ ಜಗ್ಗಿ ಹೋಗುತ್ತಿತ್ತು. ಉಸಿರು ಬಿಗಿಹಿಡಿದು ಚೌಕ ಎಳೆದೆ, ಒತ್ತಿದೆ. ಕಣ್ಣು ಕಪ್ಪಗೆ, ದೊಡ್ಡದಾಗಿ, ಇದ್ದ ಹಾಗೇ ಬಂದವು. ನನಗೇ ಮೆಚ್ಚಿಕೆಯಾಯಿತು. ಕರೆಂಟು ಹೋಗುವ ಮೊದಲೇ ಉಳಿಸಿ, ಪ್ರಿಂಟು ತೆಗೆದೆ. ಭಂಡಾರ ಹಳದಿಯಾಗಿ, ಗುಡಿಯ ಬಾಗಿಲು ಸ್ಪಷ್ಟವಾಗಿ, ಎಲ್ಲ ಸರಿ ಇತ್ತು.

ಕಾಸಾರಶಿರಸಿಯಲ್ಲಿ ಆಕೆ ಮೊದಲು ತನ್ನದನ್ನು ಬಿಚ್ಚಿದಳು. ಸ್ಟುಡಿಯೋದವರು ಆ ವರ್ಷ ಹೊಸದೇನೋ ಹಾಕಿಸಿಕೊಂಡಿದ್ದರಂತೆ. ನಮ್ಮ ಹಿಂದಿನ ಗುಡಿ ಇರಲಿಲ್ಲ. ಅಲ್ಲಿ ಅಮೃತಶಿಲೆಯ ಮೆಟ್ಟಿಲು, ಆಚೆಗೆ ದೊಡ್ಡ ಜಲಪಾತ.

"ಇದ್ಯಾವ ಊರು?" ಅಂದರು ಅತ್ತಿ.

"ಈಗ ಹಿಂಗೇ ಹಾಕ್ತಾರ್ರೀ ಅತ್ತಿ. ಮಸ್ತ್ ಕಾಣ್ತದಲ್ಲ?"

"ಬೀರಪ್ಪ ಎಲ್ಲಿ ಹೋದ? ಇಷ್ಟ್ ನೀರಾಗ ನಮ್ಮ ಕುರಿ ಹರಕೊಂಡು ಹೋಗ್ಯಾವೇನು?"

ಮೈದುನ ತಲೆ ಕೆರೆದುಕೊಂಡ. ನಾನು ಟವೆಲ್ ಬಿಚ್ಚಿ ನನ್ನದನ್ನು ಅತ್ತಿಯ ತೊಡೆಯ ಮೇಲೆ ಇಟ್ಟೆ. ಅವರು ಗುಡಿಯ ಬಾಗಿಲನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. "ಇದು ನಮ್ದು," ಅಂದರು. "ಇದನ್ನ ಹಾಕ್ರಿ."

ಆ ಕ್ಷಣ ನನಗೆ ಏನಾಯಿತು ಅಂತ ಬರೆಯಲು ನಾಚಿಕೆ. ನಾನು ಫೋಟೋ ನೋಡಲಿಲ್ಲ, ನೆಗೆಣ್ಣಿಯ ಮುಖ ನೋಡಿದೆ. ಅದು ಸಪ್ಪಗಾಗಿದ್ದನ್ನು ಕಣ್ತುಂಬ ನೋಡಿದೆ.

ಮೈದುನ ಸ್ಟೂಲು ಹತ್ತಿ ಫೋಟೋ ಹಾಕಿ ಇಳಿದ. ಆಕೆ ಹತ್ತಿರ ಹೋದಳು. ತಿರುಗದೆಯೇ ಕೇಳಿದಳು: "ಅಕ್ಕಾರ, ನನ್ನ ಕುಂಕುಮ ಯಾಕ ಕರ್ರಗ ಆಗ್ಯದ?"

ಎಲ್ಲರೂ ಎದ್ದು ಬಂದರು. ಭಂಡಾರದ ಹಳದಿಯ ನಡುವೆ, ಆಕೆಯ ಹಣೆಯ ಮೇಲೆ, ಕಾಡಿಗೆಯ ಹಾಗೆ ಕಪ್ಪು ಬೊಟ್ಟು. ಹುಬ್ಬಿನ ನಡುವೆ ಇಟ್ಟಿದ್ದ ಕುಂಕುಮ ನಾನು ಎಳೆದ ಚೌಕದೊಳಗೆ ಸೇರಿಹೋಗಿತ್ತು.

"ನಿಮ್ದು ಕೆಂಪ ಅದ," ಅಂದಳು ಆಕೆ. "ಎಲ್ಲಾರ್ದೂ ಕೆಂಪ ಅದ."

"ನಿನ್ನ ಕಣ್ಣು ಕೆಂಪ ಬಂದಿದ್ವು ಯವ್ವಾ. ಅದಕ್ಕೊಂದು ಗುಂಡಿ ಅದ. ಕಣ್ಣಿನ ಕೆಂಪು ತಗೀಲಿಕ್ಕ ಹೋಗಿ..."

"ಕಣ್ಣ ತಿದ್ದಿದ್ರ ಹಣಿ ಕರ್ರಗ ಆಗ್ತದೇನ್ರೀ? ಮಷೀನಿಗಿ ನಂದೊಂದೇ ಹಣಿ ಕಾಣ್ತೇನು?" ದನಿ ಏರಲಿಲ್ಲ, ಅದೇ ಕಷ್ಟ. "ಮುತ್ತೈದಿ ಕುಂಕುಮ ರೀ ಅದು. ಇವ್ರು ಇಲ್ಲೇ ನಿಂತಾರ."

ಮೈದುನ ಸ್ಟೂಲನ್ನು ಎತ್ತಿಡಲೋ ಬಿಡಲೋ ಅನ್ನುವ ಹಾಗೆ ನಿಂತಿದ್ದ. ನಮ್ಮ ಮನೆಯವರು ಯಂತ್ರದ ವಿಷಯ ಹೇಳಲು ಬಾಯಿ ತೆರೆದು, ಯಾರೂ ಕೇಳುತ್ತಿಲ್ಲ ಅಂತ ಮುಚ್ಚಿದರು. ನಾನು ಅದನ್ನು ಬೇಕಂತ ಮಾಡಿರಲಿಲ್ಲ. ಆದರೆ ಮಾಡಲು ಬೇಕಾದ ಕಾರಣ ಮಾತ್ರ ನನ್ನ ಹತ್ತಿರ ಪೂರ್ತಿ ಇತ್ತು, ಅದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಹೋಳಿಗೆಯ ಹೊಗೆಯಲ್ಲಿ ಮುಚ್ಚಿಟ್ಟದ್ದು ಗೋಡೆಯ ಮೇಲೆ ಚುಕ್ಕೆಯಾಗಿ ಕೂತ ಹಾಗೆ ಅನ್ನಿಸಿತು.

"ಇಳಸ್ರಿ ಅದನ್ನ," ಅಂದರು ಅತ್ತಿ.

ಇಳಿಸಿದ ಫೋಟೋವನ್ನು ಅವರು ಬಾಗಿಲ ಬೆಳಕಿಗೆ ಒಯ್ದರು. ಹತ್ತಿರ ಹಿಡಿದರು, ದೂರ ಹಿಡಿದರು. ಕಟ್ಟೆಯ ಮೇಲೆ ಕೂತರು. ಆಮೇಲೆ ನಕ್ಕರು.

"ಅಳ್ತೀ ಯಾಕ ಹುಚ್ಚಿ? ಕುಂಕುಮಲ್ಲ, ದೃಷ್ಟಿಬೊಟ್ಟು ಅದು. ಇಷ್ಟ್ ಮಂದ್ಯಾಗ ಚೆಂದ ಕಾಣಾಕಿ ನೀ ಒಬ್ಬಾಕಿ. ಬಂದವರ ಕಣ್ಣ ನಿನ್ನ ಮ್ಯಾಲೇ ಬೀಳ್ತದ. ಅದಕ್ಕೇ ಬೀರಪ್ಪ ಇಟ್ಟಾನ. ದೊಡ್ಡಾಕಿ ಕೈಲೆ ಇಡಸ್ಯಾನ." ನನ್ನ ಕಡೆ ತಿರುಗಿ, "ಛಲೋ ಮಾಡೀದಿ," ಅಂದರು.

ಮಗುವಿಗೆ ಇಡುವ ಕಪ್ಪು ಬೊಟ್ಟು ಅಂತ ಅವರು ತಿಳಿದರು, ಅಥವಾ ಹಾಗೆ ತಿಳಿಯಬೇಕು ಅಂತ ನಿರ್ಧಾರ ಮಾಡಿದರು. ನೆಗೆಣ್ಣಿ ಸೆರಗಿನಿಂದ ಕಣ್ಣು ಒರೆಸಿ, ಫೋಟೋವನ್ನು ಮತ್ತೊಮ್ಮೆ ನೋಡಿದಳು. ಆಕೆಯ ಮುಖ ಅರಳಿದ್ದನ್ನೂ ನಾನು ನೋಡಬೇಕಾಯಿತು. ಫೋಟೋ ಮತ್ತೆ ಏರಿತು.

ನನಗೆ ಬೇಕಾದದ್ದು ಸಿಕ್ಕಿತ್ತು. ಆ ಚಳಿಗಾಲದಲ್ಲಿ ನಾನು ಹೋದಾಗಲೆಲ್ಲ ಯಾರಾದರೂ ಬಂದಿರುತ್ತಿದ್ದರು. ಚಹಾದ ತಟ್ಟೆ ಹಿಡಿದು ನಾನು ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು ಗೋಡೆಗೆ ಬೆರಳು ಮಾಡಿ, "ಹೀ ಕೋಣ ಹೋ? ಛಾನ್ ದಿಸತೆ," ಅನ್ನುತ್ತಿದ್ದಳು. ಯಾರಿವಳು, ಎಷ್ಟು ಚೆಂದ ಕಾಣುತ್ತಾಳೆ ಅಂತ. ಅಷ್ಟು ಮಂದಿಯ ನಡುವೆ ಕಪ್ಪು ಬೊಟ್ಟಿನವಳು ಒಬ್ಬಳೇ ಇದ್ದರೆ ಕಣ್ಣು ಇನ್ನೆಲ್ಲಿ ಹೋಗುತ್ತದೆ? ಅತ್ತಿ ಪೂರ್ತಿ ಕತೆ ಹೇಳುತ್ತಿದ್ದರು: ಉಮರ್ಗಾದ ಸೊಸೆ, ಅವಳ ಕಣ್ಣು, ಬೀರಪ್ಪ ಇಟ್ಟ ಬೊಟ್ಟು. ಫೋಟೋ ಮಾಡಿದವರು ಯಾರು ಅಂತ ಕೇಳಿದವರಿಲ್ಲ. ನಾನು ಎಲ್ಲರಿಗೂ ಚಹಾ ಕೊಟ್ಟೆ.

ನಿಲಂಗಾಕ್ಕೆ ಬಂದು ಅದನ್ನು ತಿದ್ದಲು ಕೂತೆ. ಕಪ್ಪು ಬೊಟ್ಟಿನ ಮೇಲೆ ಕೆಂಪು ಇಟ್ಟರೆ ಆಯಿತು, ಆಕೆಯೂ ಎಲ್ಲರಂತಾಗುತ್ತಾಳೆ. ಕುಂಚದ ತುದಿ ಅದರಲ್ಲಿ ಸಣ್ಣದು ಅಂದರೂ ಲಿಂಬೆಹಣ್ಣಿನಷ್ಟು. ಒಂದು ಸಲ ಮೂಗಿಗೆ ಹತ್ತಿತು, ಒಂದು ಸಲ ಎರಡು ಬೊಟ್ಟಾದವು, ಒಂದು ಸಲ ಕರೆಂಟು ಹೋಯಿತು. ಹಲವು ಮಧ್ಯಾಹ್ನ ಹೋದಮೇಲೆ ಸರಿಬಂತು. ಅದು ಎಲ್ಲಿ ಕೈ ತಪ್ಪುತ್ತದೋ ಅಂತ ಹೆದರಿ, ಹಳೆಯದರ ಮೇಲೆಯೇ ಉಳಿಸಿಬಿಟ್ಟೆ. ಹೊಸ ಪ್ರಿಂಟು ತೆಗೆದು, ಯುಗಾದಿಗೆ ಎಲ್ಲರೂ ಸೇರಿದಾಗ ಒಯ್ದೆ.

"ಅತ್ತಿ, ಕುಂಕುಮ ಸರಿ ಮಾಡೀನ್ರಿ. ಆಕಿ ಮನಸಿಗಿ ಹಚ್ಕೊಂಡಿದ್ಳು. ಇದನ್ನ ಹಾಕೋಣು."

ಅತ್ತಿ ನೆಗೆಣ್ಣಿಯ ಕಡೆ ನೋಡಿದರು. ಆಕೆ ಹೊಸದನ್ನು ಕೈಗೆ ತೆಗೆದುಕೊಂಡು, ಗೋಡೆಯ ಮೇಲಿನದನ್ನು ನೋಡಿ, ಮತ್ತೆ ಕೈಯಲ್ಲಿದ್ದದ್ದನ್ನು ನೋಡಿದಳು.

"ಬ್ಯಾಡ್ರೀ ಅಕ್ಕಾರ. ಅದೇ ಇರ್ಲಿ. ಇದ್ರಾಗ ನಾ ಎಲ್ಲಿದೀನಿ ಅಂತ ಹುಡಕಬೇಕಾಗ್ತದ." ಹತ್ತಿರ ಬಂದು ದನಿ ತಗ್ಗಿಸಿದಳು. "ನಂದೊಂದು ಕೆಲಸ ಮಾಡಿಕೊಡ್ರಿ. ಅಂಗಡ್ಯಾಗ ಹಾಕ್ಲಿಕ್ಕ ಇಂಥದೇ ಒಂದು ಬೇಕು. ಕರಿ ಬೊಟ್ಟಿಂದು."

"ನಿಮ್ಮ ಸ್ಟುಡಿಯೋ ಇದ್ದೇ ಅದಲ್ಲಾ. ಮಾಡಿಸ್ಕೋ."

"ಮಾಡಿಸ್ದೆ ರೀ. ಅವ್ರು ಇಟ್ಟದ್ದು ಇಟ್ಟಂಗೇ ಕಾಣ್ತದ. ನಿಮ್ಮಂಗ ಅವ್ರಿಗಿ ಬರಲ್ಲ."

ಅಷ್ಟು ವರ್ಷದಲ್ಲಿ ಆಕೆ ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಇಲ್ಲ ಅನ್ನಲು ಆಗಲಿಲ್ಲ.

ಕಪ್ಪು ಬೊಟ್ಟಿನದು ನನ್ನ ಹತ್ತಿರ ಉಳಿದಿರಲಿಲ್ಲ. ಮೂಲದ್ದು ಸಿ.ಡಿ.ಯಲ್ಲಿತ್ತು, ಕೆಂಪು ಕಣ್ಣಿನದು. ಅದನ್ನೇ ತೆರೆದು, ಮೊದಲಿನಿಂದ ಶುರು ಮಾಡಿದೆ. ತಿಳಿಯದೆ ಆದದ್ದು ತಿಳಿದು ಮಾಡಲು ಹೋದರೆ ಬರುತ್ತಿರಲಿಲ್ಲ. ಚೌಕ ಸ್ವಲ್ಪ ಕೆಳಗಾದರೆ ಬೊಟ್ಟಿನ ಅರ್ಧ ಮಾತ್ರ ಕಪ್ಪು. ಸ್ವಲ್ಪ ಅಗಲವಾದರೆ ಪಕ್ಕದಲ್ಲಿ ಕೂತ ನನ್ನ ಕೆಂಪು ಸೆರಗೂ ಕಪ್ಪಾಗಿ, ನಾನು ಆಕೆಯ ನೆರಳಿನಂತೆ ಕಾಣುತ್ತಿದ್ದೆ. ಒಮ್ಮೆ ಸುಮ್ಮನೆ ಆ ಚೌಕವನ್ನು ನನ್ನ ಮುಖದ ಮೇಲೆಯೇ ಎಳೆದು ಒತ್ತಿದೆ. ನನ್ನ ಕುಂಕುಮವೂ ಕಪ್ಪಾಯಿತು. ಒಲೆಯ ಮಸಿ ಹತ್ತಿದ ಹಾಗಿತ್ತು. ಒಂದು ಹೆಜ್ಜೆ ಹಿಂದಕ್ಕೆ ಬರಬಹುದಾಗಿತ್ತು, ಬಂದೆ.

ಕಡೆಗೆ ಒಂದು ಮಧ್ಯಾಹ್ನ ಚೌಕ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು. ಬೊಟ್ಟು ಸಣ್ಣದಾಗಿ, ನಟ್ಟನಡುವೆ, ಕೆಳಗೆ ಆ ಎರಡು ದೊಡ್ಡ ಕಣ್ಣು. ಚೆಂದ ಬಂತು. ನನ್ನ ಹೊಟ್ಟೆ ಉರಿಯುವಷ್ಟು ಚೆಂದ ಬಂತು. ಕರೆಂಟು ಹೋಗುವ ಮೊದಲು ಉಳಿಸಿದೆ.